ಮಸ್ಕಿಯ ಗುಡ್ಡ: ಬಂಗಾರ, ಬೂದಿ, ಬರಹ

ಮಸ್ಕಿ ಎಂದರೆ ಕನ್ನಡ ಓದುಗರಿಗೆ ಮೊದಲು ನೆನಪಾಗುವುದು ಶಾಲೆಯ ಸಮಾಜ ವಿಜ್ಞಾನದ ಪಾಠ. ದೇವಾನಾಂಪ್ರಿಯ ಎಂಬ ಬಿರುದಿನ ಪಕ್ಕದಲ್ಲೇ ಅಶೋಕನ ಹೆಸರೂ ಇರುವ ಶಾಸನ ಸಿಕ್ಕ ಊರು ಅದು. ಒಂದು ಅಂಕದ ಈ ಉತ್ತರ ಮಸ್ಕಿಗೆ ದೊಡ್ಡ ಕೀರ್ತಿ ತಂದುಕೊಟ್ಟಿತು. ಆದರೆ ಆ ಊರಿನ ಮಿಕ್ಕ ಸಂಗತಿಗಳನ್ನೆಲ್ಲ ಮರೆಗೆ ಸರಿಸಿದ್ದೂ ಅದೇ ಉತ್ತರ.

ಲಿಂಗಸುಗೂರು ತಾಲ್ಲೂಕಿನಿಂದ ಬೇರೆಯಾಗಿ ಈಚೆಗೆ ತಾಲ್ಲೂಕು ಕೇಂದ್ರವಾದ ಮಸ್ಕಿಯಲ್ಲಿ, ಊರಿಗೆ ಆನಿಕೊಂಡಂತೆ ಬೆಣಚು ಬಂಡೆಗಳ ಗುಡ್ಡವಿದೆ. ಮೇಲೆ ಮಲ್ಲಿಕಾರ್ಜುನನ ಗುಡಿ. ದುರ್ಗದ ಗುಡ್ಡದ ಬಂಡೆಯೊಂದರ ಮರೆಯಲ್ಲಿ ಅಶೋಕನ ಶಾಸನ. ಸುತ್ತಲಿನ ಹೊಲಗಳಲ್ಲಿ ನವಶಿಲಾಯುಗದ ಕಲ್ಲುಕೊಡಲಿಗಳು, ಬೃಹತ್ ಶಿಲಾಯುಗದ ಗೋರಿಗಳು, ಮಣಿ ಮಾಡುವವರು ಬಿಟ್ಟುಹೋದ ಕಲ್ಲಿನ ಚೂರುಗಳು. ನೆಲದಡಿಯಲ್ಲಿ ಹಟ್ಟಿಯ ಚಿನ್ನದ ಗಣಿಯವರೆಗೆ ಚಾಚಿಕೊಂಡ ಶಿಲಾಪಟ್ಟಿ. ಇವುಗಳಲ್ಲಿ ಯಾವುದನ್ನು ಮಸ್ಕಿಯ ಪರಂಪರೆ ಎನ್ನಬೇಕು, ಇವುಗಳ ನಡುವಿನ ಸಂಬಂಧವೇನು ಎಂಬ ಪ್ರಶ್ನೆಗೆ ನೂರೈವತ್ತು ವರ್ಷಗಳಿಂದ ಬೇರೆ ಬೇರೆ ಉತ್ತರಗಳು ಬಂದಿವೆ.

ಚಿನ್ನ ಹುಡುಕುತ್ತ ಬಂದವರು

ಮಸ್ಕಿಯ ಪ್ರಾಚೀನತೆಯನ್ನು ಹೊರಜಗತ್ತಿಗೆ ತಿಳಿಸಿದವರಲ್ಲಿ ಮೊದಲಿಗರು ಇತಿಹಾಸಕಾರರಲ್ಲ, ಭೂಮಿಯನ್ನು ಓದುವವರು. ಭಾರತೀಯ ಭೂವೈಜ್ಞಾನಿಕ ಸಮೀಕ್ಷೆಯ ರಾಬರ್ಟ್ ಬ್ರೂಸ್ ಫೂಟ್ 1870ರಲ್ಲಿ ಒಮ್ಮೆ, 1888ರಲ್ಲಿ ಮತ್ತೊಮ್ಮೆ ಇಲ್ಲಿಗೆ ಬಂದು ಕಲ್ಲಿನ ಆಯುಧಗಳನ್ನೂ ಮಡಕೆ ಚೂರುಗಳನ್ನೂ ಆಯ್ದುಕೊಂಡು ಹೋದ. 1915ರ ಜನವರಿಯಲ್ಲಿ ಶಾಸನವನ್ನು ಗುರುತಿಸಿದ ಸಿ. ಬೀಡನ್ ಚಿನ್ನದ ಗಣಿಯ ಎಂಜಿನಿಯರ್. ಅದೇ ವರ್ಷ ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದರು. ನಿಜಾಮ ಸಂಸ್ಥಾನದ ಪುರಾತತ್ವ ಗ್ರಂಥಮಾಲೆಯ ಮೊದಲ ಪುಸ್ತಕವೇ ಅದು. ಮುಂದೆ 1929ರಲ್ಲಿ ಆಂಧ್ರದ ಎರ್ರಗುಡಿಯ ಅಶೋಕ ಶಾಸನಗಳು ಬೆಳಕಿಗೆ ಬಂದದ್ದೂ ಭೂವಿಜ್ಞಾನಿ ಅನು ಘೋಷ್ ಅವರ ಕಣ್ಣಿಗೆ ಬಿದ್ದು. ಚಿನ್ನ ಇರುವಲ್ಲಿ ಶಾಸನವೂ ಇರುವುದು ಕಾಕತಾಳೀಯವೇ ಎಂಬ ಅನುಮಾನ ಆಗಲೇ ಹುಟ್ಟಿತು. ಇಂದಿಗೂ ಅದು ತೀರಿಲ್ಲ.

ನಿಜಾಮರ ಕಾಲದ ಗಣಿ ತಜ್ಞ ಲಿಯೊನಾರ್ಡ್ ಮನ್ ಹಳೆಯ ಗಣಿಗುಂಡಿಗಳನ್ನೂ ಬೃಹತ್ ಶಿಲಾಗೋರಿಗಳನ್ನೂ ಒಟ್ಟಿಗೆ ಇಟ್ಟು ನೋಡಿದ. 1935–37ರಲ್ಲಿ ಹೈದರಾಬಾದ್ ಪುರಾತತ್ವ ಇಲಾಖೆ ಮಸ್ಕಿಯಲ್ಲಿ ಅಗೆಯಿತು. 1954ರಲ್ಲಿ ಬಿ.ಕೆ. ಥಾಪರ್ ನಡೆಸಿದ ಉತ್ಖನನ ಪದರಪದರವಾಗಿ ಕಾಲಕ್ರಮವನ್ನು ಕಟ್ಟಿಕೊಟ್ಟಿತು: ನವಶಿಲಾ–ತಾಮ್ರಯುಗ, ಬೃಹತ್ ಶಿಲಾಯುಗ, ಶಾತವಾಹನರ ಕಾಲದ ಇತಿಹಾಸದ ಆರಂಭ, ಕೊನೆಗೆ ಮಧ್ಯಯುಗ. ಅದಕ್ಕೆ ಎರಡು ವರ್ಷ ಮೊದಲು ಮುದಗಲ್ಲಿನ ಹತ್ತಿರ ಪಿಕ್ಲಿಹಾಳದಲ್ಲಿ ರೇಮಂಡ್ ಆಲ್ಚಿನ್ ಅಗೆದಿದ್ದರು. ಈಗ ಆಂಡ್ರ್ಯೂ ಬಾವರ್, ಪೀಟರ್ ಜೊಹಾನ್ಸನ್, ಹೇಮಂತ್ ಕಡಂಬಿ ಅವರ ತಂಡ ಒಂದು ಗುಂಡಿಗೆ ಕಟ್ಟುಬೀಳದೆ ಮಸ್ಕಿಯ ಸುತ್ತಲಿನ ಇಡೀ ಸೀಮೆಯನ್ನು ನಡೆದು ಶೋಧಿಸುತ್ತಿದೆ. ಮಸ್ಕಿಯಲ್ಲಿ ಸುಮಾರು 4,000 ವರ್ಷಗಳ ಹಿಂದೆಯೇ ಜನ ನೆಲೆಸಿದ್ದರು ಎಂದು ಈ ತಂಡ 2025ರಲ್ಲಿ ಹೇಳಿತು.

ಕಡಲ ತಳದ ಕಲ್ಲು

ಭೂವಿಜ್ಞಾನಿಗಳ ಲೆಕ್ಕದಲ್ಲಿ ಮಸ್ಕಿಯ ಕಥೆ ಶುರುವಾಗುವುದು ಸುಮಾರು 250ರಿಂದ 270 ಕೋಟಿ ವರ್ಷಗಳ ಹಿಂದೆ. ಹಟ್ಟಿ–ಮಸ್ಕಿ ಶಿಲಾಪಟ್ಟಿ ಬಹುಪಾಲು ಲಾವಾದಿಂದ ಆದದ್ದು. ಕೆಲವೆಡೆ ಆ ಕಲ್ಲು ದಿಂಬುಗಳನ್ನು ಒಟ್ಟಿದಂತೆ ಉಬ್ಬುಬ್ಬಾಗಿದೆ. ಕುದಿಯುವ ಲಾವಾ ನೀರಿನೊಳಗೆ ಉಕ್ಕಿ ತಟ್ಟನೆ ತಣ್ಣಗಾದರೆ ಮಾತ್ರ ಬರುವ ಆಕಾರವದು. ಎರೆಭೂಮಿಯಲ್ಲಿ ಬಿಳಿಜೋಳ ಬೆಳೆಯುವ ಈ ಬಿಸಿಲನಾಡು ಒಂದು ಕಾಲಕ್ಕೆ ನೀರಿನಡಿ ಇತ್ತು.

ಆ ಲಾವಾ ಉಕ್ಕಿದ್ದೇಕೆ ಎಂಬುದರಲ್ಲಿ ಎರಡು ಪಂಥಗಳಿವೆ. ಭೂಗರ್ಭದ ಆಳದಿಂದ ಬಿಸಿ ಶಿಲಾದ್ರವದ ಕಂಬವೊಂದು ಮೇಲೆದ್ದಿತು ಎನ್ನುತ್ತದೆ ಒಂದು. ಭೂಫಲಕವೊಂದು ಇನ್ನೊಂದರ ಕೆಳಗೆ ಜಾರುವಲ್ಲಿ, ಇಂದಿನ ಜಪಾನ್ ಇಂಡೊನೇಷ್ಯಾಗಳಂಥ ಅಗ್ನಿದ್ವೀಪಗಳ ಸಾಲು ಇಲ್ಲಿತ್ತು ಎನ್ನುತ್ತದೆ ಇನ್ನೊಂದು. ಮೊದಲನೆಯದು ಲಾವಾದ ಅಪಾರ ಮೊತ್ತವನ್ನು ವಿವರಿಸುತ್ತದೆ. ಎರಡನೆಯದು ಕಲ್ಲಿನ ರಾಸಾಯನಿಕ ಗುಣಗಳನ್ನೂ ಪಕ್ಕದ ಬೆಣಚು ಶಿಲೆಗಳ ಹುಟ್ಟನ್ನೂ ಹೆಚ್ಚು ಸಲೀಸಾಗಿ ವಿವರಿಸುತ್ತದೆ. ಎರಡೂ ಸೇರಿ ನಡೆದಿರಬಹುದು ಎನ್ನುವವರೂ ಇದ್ದಾರೆ. ಮುಂದೆ ಪಟ್ಟಿ ಮಡಿಚಿಕೊಂಡು ಬಿರಿದಾಗ ಆ ಬಿರುಕುಗಳಲ್ಲಿ ಹರಿದ ಬಿಸಿನೀರು ಬಿಳಿಕಲ್ಲಿನ ಜೊತೆಗೆ ಚಿನ್ನವನ್ನೂ ತಂದು ಹೂಡಿತು ಎಂಬುದರಲ್ಲಿ ಮಾತ್ರ ಹೆಚ್ಚು ತಕರಾರಿಲ್ಲ.

ಚಿತ್ರದುರ್ಗದ ಮರಡಿಹಳ್ಳಿಯ ದಿಂಬು ಲಾವಾ, ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪ, ಇವೆಲ್ಲ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು. ಮರಡಿಹಳ್ಳಿಯ ಬಗೆಯ ಕಲ್ಲಿರುವ ಹಟ್ಟಿ–ಮಸ್ಕಿ ಪಟ್ಟಿಯನ್ನು ಜನ ಗಣಿಯಾಗಿಯೇ ನೋಡುತ್ತ ಬಂದಿದ್ದಾರೆ.

ಮೊದಲು ಬಂಗಾರ ತೆಗೆದವರು ಯಾರು?

ಹಟ್ಟಿಯಲ್ಲಿ ಹೊಸ ಕಾಲದ ಗಣಿಗಾರಿಕೆ ಶುರುವಾದದ್ದು 19ನೇ ಶತಮಾನದ ಕೊನೆಯಲ್ಲಿ, ಬ್ರಿಟಿಷ್ ಕಂಪನಿಯ ಕೈಯಲ್ಲಿ. 1920ರ ಸುಮಾರಿಗೆ ಅದು ನಿಂತಿತು. 1947ರಲ್ಲಿ ಹೈದರಾಬಾದ್ ಚಿನ್ನದ ಗಣಿ ಕಂಪನಿ ಎಂದು ಮತ್ತೆ ಹುಟ್ಟಿ, ಇಂದು ರಾಜ್ಯ ಸರ್ಕಾರದ ಹಟ್ಟಿ ಚಿನ್ನದ ಗಣಿಯಾಗಿ ಉಳಿದಿದೆ. ಆದರೆ ಬ್ರಿಟಿಷ್ ಎಂಜಿನಿಯರುಗಳು ಅಗೆದಲ್ಲೆಲ್ಲ ತಮಗಿಂತ ಮೊದಲು ಯಾರೋ ಅಗೆದು ಹೋಗಿದ್ದನ್ನು ಕಂಡರು. ಹಟ್ಟಿಯ ಹಳೆಯ ಗಣಿಯೊಂದು ಸುಮಾರು 640 ಅಡಿ ಆಳಕ್ಕೆ ಇಳಿದಿತ್ತು. ಪಂಪು, ಸಿಡಿಮದ್ದು, ವಿದ್ಯುತ್ ಯಾವುದೂ ಇಲ್ಲದ ಕಾಲದ ಕೆಲಸವದು.

ಅದು ಹೇಗೆ ಸಾಧ್ಯವಾಯಿತು ಎಂಬುದನ್ನು ಆಲ್ಚಿನ್ 1962ರ ಲೇಖನದಲ್ಲಿ ವಿವರಿಸಿದರು. ಬಂಡೆಗೆ ಸೌದೆ ಒಟ್ಟಿ ಬೆಂಕಿ ಹಚ್ಚುವುದು, ಕಾದ ಕಲ್ಲಿಗೆ ನೀರೆರಚಿ ಬಿರುಕು ಬಿಡಿಸುವುದು, ಒಡೆದ ಅದಿರನ್ನು ಮೇಲೆ ತಂದು ಗುಂಡುಕಲ್ಲುಗಳಿಂದ ಕುಟ್ಟುವುದು, ಹಳ್ಳದ ನೀರಿನಲ್ಲಿ ತೊಳೆದು ಚಿನ್ನದ ಕಣ ಬೇರ್ಪಡಿಸುವುದು. ಕೊನೆಯ ಕೆಲಸದ ಜಾಣ್ಮೆ ಗದಗ ಸೀಮೆಯ ಕಪ್ಪತಗುಡ್ಡದ ಜಾಲಗಾರರಲ್ಲಿ ತೀರ ಈಚಿನವರೆಗೂ ಇತ್ತು. ಅದಿರು ಕುಟ್ಟಿ ಕುಟ್ಟಿ ಬಿದ್ದ ಬಟ್ಟಲಿನಂಥ ಕುಳಿಗಳನ್ನು ಈ ಸೀಮೆಯ ಬಂಡೆಗಳ ಮೇಲೆ ಇಂದಿಗೂ ಕಾಣಬಹುದು.

ಕಾಲದ ಪ್ರಶ್ನೆಯಲ್ಲಿ ಮೂರು ನಿಲುವುಗಳಿವೆ. ಅತ್ಯಂತ ಹಳೆಯ ಕಾಲಕ್ಕೆ ಒಯ್ಯುವ ವಾದ ಸಿಂಧೂ ನಾಗರಿಕತೆಯದು. ಮೊಹೆಂಜೊದಾರೊದ ಕೆಲವು ಒಡವೆಗಳ ಚಿನ್ನದಲ್ಲಿ ಬೆಳ್ಳಿಯ ಅಂಶ ಹೆಚ್ಚಿರುವುದನ್ನು ಕಂಡ ಭೂವಿಜ್ಞಾನಿ ಎಡ್ವಿನ್ ಪ್ಯಾಸ್ಕೋ ಅದು ಕೋಲಾರದಿಂದ ಹೋಗಿರಬಹುದು ಎಂದಿದ್ದ. ಕೋಲಾರದಿಂದ ಹೋಗಬಹುದಾದರೆ ಹಟ್ಟಿಯಿಂದ ಏಕೆ ಹೋಗಬಾರದು ಎಂದು ಮುಂದಿನವರು ಕೇಳಿದರು. ಈ ವಾದ ಆಕರ್ಷಕವೇ, ಆದರೆ ಬೆಳ್ಳಿ ಬೆರೆತ ಚಿನ್ನ ಕರ್ನಾಟಕದ ಸೊತ್ತು ಮಾತ್ರವಲ್ಲ. ಎರಡನೆಯ ನಿಲುವಿನ ಆಧಾರ ಗಟ್ಟಿ: ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆಯಲ್ಲಿ ಎಂ.ಎಸ್. ನಾಗರಾಜರಾವ್ ಅವರ ಉತ್ಖನನದಲ್ಲಿ ನವಶಿಲಾಯುಗದ ಪದರದಲ್ಲೇ ಚಿನ್ನದ ಒಡವೆ ಸಿಕ್ಕಿತು. ಅಂದರೆ ದನಕಾಯುವ ಆ ಜನರಿಗೆ ಚಿನ್ನ ಗೊತ್ತಿತ್ತು. ಆದರೆ ಹಳ್ಳದ ಮರಳಿನಲ್ಲಿ ಚಿನ್ನ ಆಯುವುದು ಬೇರೆ, ನೂರಾರು ಅಡಿ ಬಂಡೆ ಕೊರೆಯುವುದು ಬೇರೆ. ಮೂರನೆಯ ನಿಲುವು ಆಳದ ಗಣಿಗಳದು. ಹಟ್ಟಿಯ ಹಳೆಯ ಗಣಿಯ ಮರದ ತುಂಡುಗಳ ಇಂಗಾಲ ಪರೀಕ್ಷೆ ಕೊಡುವ ಕಾಲ ಸುಮಾರು ಎರಡು ಸಾವಿರ ವರ್ಷ ಹಿಂದಿನದು, ಅಂದರೆ ಶಾತವಾಹನರ ಸುತ್ತಮುತ್ತಲಿನದು.

ಮೂರನ್ನೂ ಒಟ್ಟಿಗೆ ಇಟ್ಟರೆ ಒಂದು ಕ್ರಮ ಕಾಣಿಸುತ್ತದೆ: ಮೊದಲು ಹಳ್ಳದ ಚಿನ್ನ, ಆಮೇಲೆ ಮೇಲ್ಪದರದ ಗುಂಡಿ, ಕೊನೆಗೆ ಆಳದ ಗಣಿ. ಅಶೋಕನ ಅಧಿಕಾರಿಗಳು ಇಲ್ಲಿಗೆ ಬಂದಾಗ ಈ ಕೆಲಸ ಎಷ್ಟು ಆಳಕ್ಕೆ ಇಳಿದಿತ್ತು ಎಂಬುದಷ್ಟೇ ಈಗಿನ ಸಾಕ್ಷ್ಯದಿಂದ ನಿರ್ಧಾರವಾಗುವುದಿಲ್ಲ.

ಬೂದಿದಿಬ್ಬಗಳ ಜಗಳ

ರಾಯಚೂರು ಸೀಮೆಯ ವಂದಲಿ, ಗೌಡೂರುಗಳಂಥ ಕಡೆ ಇರುವ ಬೂದಿದಿಬ್ಬಗಳ ಬಗ್ಗೆ ನಡೆದಷ್ಟು ತಮಾಷೆಯ ಊಹೆಗಳು ಬೇರೆ ಯಾವುದರ ಬಗ್ಗೆಯೂ ನಡೆದಿರಲಿಕ್ಕಿಲ್ಲ. ರಾಕ್ಷಸರ ಮೂಳೆ ಸುಟ್ಟ ಬೂದಿ ಎಂದು ಊರ ಜನ, ಜ್ವಾಲಾಮುಖಿಯ ಕಸ ಎಂದು ಕೆಲವರು, ಲೋಹ ಕರಗಿಸಿದ ಕಿಟ್ಟ ಎಂದು ಇನ್ನು ಕೆಲವರು. ಸಗಣಿ ಸುಟ್ಟ ಬೂದಿ ಎಂದು ಫೂಟ್ ಹೇಳಿದ್ದೇ ಸರಿಯೆಂದು 1960ರ ಆಸುಪಾಸಿನಲ್ಲಿ ಎಫ್.ಇ. ಝೊಯ್ನರ್ ಪ್ರಯೋಗಾಲಯದಲ್ಲಿ ತೋರಿಸಿಕೊಟ್ಟರು. ಈಗ ಉಳಿದಿರುವ ಪ್ರಶ್ನೆ ಅಷ್ಟೊಂದು ಸಗಣಿಯನ್ನು ತಲೆಮಾರುಗಳ ಕಾಲ ಸುಟ್ಟದ್ದೇಕೆ ಎಂಬುದು. ಹಬ್ಬದ ಆಚರಣೆಯಾಗಿ ದನದ ದೊಡ್ಡಿಗೆ ಬೆಂಕಿಯಿಟ್ಟರು ಎಂದರು ಆಲ್ಚಿನ್. ಸುರಪುರ ಸೀಮೆಯ ಬೂದಿಹಾಳದಲ್ಲಿ ಅಗೆದ ಕೆ. ಪದ್ದಯ್ಯ ಅವರಿಗೆ ದೊಡ್ಡಿಯ ಪಕ್ಕದಲ್ಲೇ ಮನೆಗಳೂ ಸಿಕ್ಕಿದ್ದರಿಂದ ಅದು ದೈನಂದಿನ ಬಾಳಿನ ಊರಾಗಿಯೇ ಕಂಡಿತು. ಬೂದಿಯ ದಿಬ್ಬವನ್ನು ಬೇಕೆಂದೇ ಎತ್ತರಿಸಿ ಸ್ಮಾರಕದಂತೆ ಕಟ್ಟಿದರು ಎಂಬುದು ಜೊಹಾನ್ಸನ್ ವಾದ. ರಾಯಚೂರು ಸೀಮೆಯ ದನ ಮತ್ತು ಮನುಷ್ಯರ ಸಂಬಂಧಕ್ಕೆ ಐದು ಸಾವಿರ ವರ್ಷಗಳ ಹಿಂದಿನ ಕಡತ ಈ ದಿಬ್ಬಗಳೇ. ದಾರಿ, ಹೊಲ, ಗೊಬ್ಬರಕ್ಕೆಂದು ಅವುಗಳನ್ನು ತೋಡಿ ಒಯ್ಯುವುದು ಇವತ್ತಿಗೂ ನಿಲ್ಲಬೇಕಾದ ಕೆಲಸ.

ಸುವರ್ಣಗಿರಿ ಎಲ್ಲಿ?

ಬಿ.ಎಲ್. ರೈಸ್ 1892ರಲ್ಲಿ ಪತ್ತೆಹಚ್ಚಿದ ಬ್ರಹ್ಮಗಿರಿ ಶಾಸನದ ಆರಂಭದಲ್ಲಿ ಒಂದು ಅಮೂಲ್ಯ ಮಾಹಿತಿ ಇದೆ. ಸುವರ್ಣಗಿರಿಯಿಂದ ಆರ್ಯಪುತ್ರ ಎಂಬ ರಾಜಕುಮಾರ ಮತ್ತು ಮಹಾಮಾತ್ರರೆಂಬ ಅಧಿಕಾರಿಗಳು ಇಸಿಲದ ಮಹಾಮಾತ್ರರಿಗೆ ಕುಶಲ ಕೇಳಿ ಆಜ್ಞೆ ತಿಳಿಸುತ್ತಾರೆ. ಇಸಿಲ ಬ್ರಹ್ಮಗಿರಿಯ ಹತ್ತಿರದ್ದು. ಮೌರ್ಯರ ದಕ್ಷಿಣದ ರಾಜಧಾನಿಯಂತೆ ಕಾಣುವ ಸುವರ್ಣಗಿರಿ ಯಾವುದು?

ಜೆ.ಎಫ್. ಫ್ಲೀಟ್ ಅದನ್ನು ಬಿಹಾರದ ರಾಜಗೃಹದ ಬೆಟ್ಟಗಳಲ್ಲಿ ಹುಡುಕಿದರು. ದಕ್ಷಿಣದ ಅಧಿಕಾರಿಗಳಿಗೆ ಬಂದ ಆಜ್ಞೆ ಅಷ್ಟು ದೂರದಿಂದ ಬಂತೆಂಬುದನ್ನು ಇಂದು ಹೆಚ್ಚಿನವರು ಒಪ್ಪುವುದಿಲ್ಲ. ಮಸ್ಕಿಯ ಶಾಸನ ಸಿಕ್ಕ ಮೇಲೆ ಹುಡುಕಾಟ ರಾಯಚೂರಿನತ್ತ ತಿರುಗಿತು. ಮಸ್ಕಿಯೇ ಸುವರ್ಣಗಿರಿ ಎಂದರು ಕೆಲವರು. ಅದರ ದಕ್ಷಿಣಕ್ಕಿರುವ, ಈಗ ಕೊಪ್ಪಳ ಜಿಲ್ಲೆಗೆ ಸೇರಿದ ಕನಕಗಿರಿ ಎಂದರು ಮತ್ತೆ ಕೆಲವರು. ಎರ್ರಗುಡಿಯ ಹತ್ತಿರದ ಜೊನ್ನಗಿರಿ ಎನ್ನುವ ಮೂರನೆಯ ಪಕ್ಷ ಆಮೇಲೆ ಬಲವಾಯಿತು.

ಹೆಸರಿನ ಹೋಲಿಕೆಯೊಂದನ್ನೇ ನಂಬಿದರೆ ಕನಕಗಿರಿ ಮುಂದೆ ನಿಲ್ಲುತ್ತದೆ. ಆದರೆ ಅಲ್ಲಿ ಕಣ್ಣಿಗೆ ಕಾಣುವ ವೈಭವವೆಲ್ಲ ವಿಜಯನಗರ ಕಾಲದ ನಾಯಕರದು. ಜೊನ್ನಗಿರಿಯ ಪರವಾಗಿ ಎರಡು ಮಾತಿವೆ. ಎರ್ರಗುಡಿಯಲ್ಲಿ ಅಶೋಕನ ಹದಿನಾಲ್ಕು ಮಹಾಶಾಸನಗಳೂ ಕಿರುಶಾಸನಗಳೂ ಒಟ್ಟಿಗೆ ಇವೆ, ಆ ಸೀಮೆಯಲ್ಲೂ ಚಿನ್ನದ ಪಟ್ಟಿ ಇದೆ. ಮಸ್ಕಿಯ ಬಲ ಅದರ ಜನವಸತಿಯ ಅಖಂಡತೆ ಮತ್ತು ಹಟ್ಟಿಯ ಗಣಿಗಳು. ದೌರ್ಬಲ್ಯವೆಂದರೆ ಮೌರ್ಯರ ಆಡಳಿತ ಕೇಂದ್ರವೊಂದರ ಗುರುತು ಇದುವರೆಗೆ ಅಗೆದಲ್ಲಿ ಸಿಕ್ಕಿಲ್ಲ. ಅದು ಸಿಗುವವರೆಗೆ ಮಸ್ಕಿಯನ್ನು ಸುವರ್ಣಗಿರಿ ಎಂದು ಫಲಕದಲ್ಲಿ ಬರೆಯುವುದು ಅವಸರದ ಕೆಲಸ.

ಅಶೋಕನ ಹೆಸರಿನ ವಿಷಯದಲ್ಲೂ ಮಸ್ಕಿ ಈಗ ಒಂಟಿಯಲ್ಲ. ಜೇಮ್ಸ್ ಪ್ರಿನ್ಸೆಪ್ 1837ರಲ್ಲಿ ಬ್ರಾಹ್ಮಿಯನ್ನು ಓದಿದಾಗ ಶಾಸನಗಳಲ್ಲಿ ಬರುವ ಪಿಯದಸಿ ಎಂಬ ರಾಜ ಯಾರೆಂಬುದು ಸಿಂಹಳದ ಪಾಳಿ ಗ್ರಂಥಗಳ ನೆರವಿನಿಂದ ಮಾತ್ರ ತಿಳಿಯಿತು. ಆ ಊಹೆಗೆ ಕಲ್ಲಿನ ಸಾಕ್ಷಿ ಕೊಟ್ಟದ್ದು ಮಸ್ಕಿ. ನಂತರ ಮಧ್ಯಪ್ರದೇಶದ ಗುಜ್ಜರಾ, ಬಳ್ಳಾರಿ ಸೀಮೆಯ ನಿಟ್ಟೂರು ಮತ್ತು ಉಡೆಗೊಳಂಗಳಲ್ಲೂ ಅದೇ ಹೆಸರು ಸಿಕ್ಕಿತು. ಸನ್ನತಿಯ ಬಳಿಯ ಕನಗನಹಳ್ಳಿಯ ಸ್ತೂಪದಲ್ಲಿ ಹೆಸರು ಕೊರೆದ ಅಶೋಕನ ಶಿಲ್ಪವೇ ದೊರೆಯಿತು. ಹೆಸರು ಹೇಳುವ ಕಿರುಶಾಸನಗಳ ಕರ್ತೃ ಬೇರೆ, ಮಹಾಶಾಸನಗಳ ಕರ್ತೃ ಬೇರೆ ಎಂದು ಕ್ರಿಸ್ಟೋಫರ್ ಬೆಕ್‌ವಿತ್ 2015ರಲ್ಲಿ ವಾದಿಸಿದರು. ಬಹುತೇಕ ವಿದ್ವಾಂಸರು ಇದನ್ನು ಒಪ್ಪಿಲ್ಲ.

ಶಾಸನವನ್ನು ಕೇಳಿಸಿಕೊಂಡವರು

ಎಂಟು ಸಾಲಿನ ಆ ಪ್ರಾಕೃತ ಬರಹ ದೊಡ್ಡವರಿಗಷ್ಟೇ ಅಲ್ಲ, ಚಿಕ್ಕವರಿಗೂ ಧರ್ಮದ ಹಾದಿ ತೆರೆದಿದೆ ಎಂಬ ಭರವಸೆ ಕೊಡುತ್ತದೆ. ಮಸ್ಕಿಯ ಚಿಕ್ಕವರು ಯಾರಾಗಿದ್ದರು?

ಥಾಪರ್ ಅವರ ಕಾಲಗಣನೆಯಲ್ಲಿ ಶಾಸನದ ಕಾಲಕ್ಕೆ ಇಲ್ಲಿ ನವಶಿಲಾ–ತಾಮ್ರಯುಗ ಮುಗಿಯುತ್ತ ಬಂದಿತ್ತು, ಬೃಹತ್ ಶಿಲಾಯುಗ ಇನ್ನೇನು ಕಾಲಿಡುವುದಿತ್ತು. ಅಂದರೆ ಕಲ್ಲು ಕೊಡಲಿಯ ಜನರ ನಡುವೆ ಮೌರ್ಯರ ಅಕ್ಷರ ಬಂದಿಳಿಯಿತು ಎಂಬ ಚಿತ್ರ. ಆಮೇಲೆ ಇಂಗಾಲ ಪರೀಕ್ಷೆಗಳು ಬೃಹತ್ ಶಿಲಾಗೋರಿಗಳ ಕಾಲವಾದ ದಕ್ಷಿಣದ ಕಬ್ಬಿಣಯುಗವನ್ನು ಕ್ರಿ.ಪೂ. 1200ರ ಸುಮಾರಿಗೆ ಹಿಂದಕ್ಕೆ ಒಯ್ದವು. ಇದು ಸಣ್ಣ ತಿದ್ದುಪಡಿಯಲ್ಲ. ಅಶೋಕನ ಮಾತು ಮಸ್ಕಿಗೆ ಬಂದಾಗ ಇಲ್ಲಿನವರು ಶತಮಾನಗಳಿಂದ ಕಬ್ಬಿಣ ಕಾಯಿಸಿ, ಮಣಿ ಕೊರೆದು, ದೊಡ್ಡ ಗೋರಿಗಳನ್ನು ಎತ್ತುತ್ತಿದ್ದವರು. ಅವರೊಳಗೆ ಮೇಲುಕೀಳು, ಅಧಿಕಾರ, ವ್ಯಾಪಾರ ಎಲ್ಲವೂ ಇದ್ದವು. ಸಾಮ್ರಾಜ್ಯ ತನ್ನ ಬಂಡೆಯನ್ನು ಆಯ್ದುಕೊಂಡದ್ದು ಇಂಥ ನೆಲೆಯ ಮಗ್ಗುಲಲ್ಲಿ. ಹಾಗಿದ್ದರೂ ಬ್ರಾಹ್ಮಿ ಓದಬಲ್ಲವರು ಅವರಲ್ಲಿ ಎಷ್ಟಿದ್ದರು, ಪ್ರಾಕೃತವನ್ನು ಅವರ ಮಾತಿಗೆ ಯಾರು ತಿರುಗಿಸಿ ಹೇಳಿದರು ಎಂಬುದಕ್ಕೆ ಕಲ್ಲಿನಲ್ಲಿ ಉತ್ತರವಿಲ್ಲ.

ಊರಿನ ಮಹತ್ವ ಮೌರ್ಯರ ಜೊತೆಗೆ ಮುಗಿಯಲೂ ಇಲ್ಲ. ಕಲ್ಯಾಣ ಚಾಲುಕ್ಯರ ಜಯಸಿಂಹನ 1027ರ ಶಾಸನ ಇದನ್ನು ರಾಜಧಾನಿ ಪಿರಿಯ ಮೊಸಂಗಿ ಎನ್ನುತ್ತದೆ. ರಾಜೇಂದ್ರ ಚೋಳ ತಾನು ಜಯಸಿಂಹನನ್ನು ಸೋಲಿಸಿದೆನೆಂದು ಹೇಳಿಕೊಳ್ಳುವ ಮುಶಂಗಿ ಇದೇ ಎಂಬುದು ಹೆಚ್ಚು ಪ್ರಚಲಿತ ಅಭಿಪ್ರಾಯ. ಉಚ್ಚಂಗಿದುರ್ಗ ಎಂದವರೂ ಇದ್ದಾರೆ.

ಪ್ರಕೃತಿಯದೋ ಮನುಷ್ಯನದೋ

ಹೊಸ ತಲೆಮಾರಿನ ಸಂಶೋಧಕರು ಪ್ರಶ್ನೆಯನ್ನೇ ಬದಲಿಸಿದ್ದಾರೆ. ಸಾವಿರಾರು ವರ್ಷ ದನಕುರಿ ಮೇಯಿಸಿದ ಗುಡ್ಡದ ಇಳಿಜಾರು, ಕಬ್ಬಿಣ ಮತ್ತು ಚಿನ್ನಕ್ಕಾಗಿ ಉರಿಸಿದ ಸೌದೆ, ಮಳೆನೀರು ನಿಲ್ಲಿಸಲು ತಿದ್ದಿದ ಬಂಡೆಯ ದೊಣೆಗಳು, ಕೊಚ್ಚಿಹೋಗಿ ತಗ್ಗಿನಲ್ಲಿ ಸೇರಿದ ಮಣ್ಣು ಇವೆಲ್ಲವೂ ಅವರಿಗೆ ದಾಖಲೆಗಳೇ. ಮನುಷ್ಯನು ಭೂಮಿಯನ್ನು ಬದಲಿಸಿದ ಯುಗ ಕೈಗಾರಿಕಾ ಕ್ರಾಂತಿಯಿಂದಲೋ ಅಣುಬಾಂಬಿನಿಂದಲೋ ಶುರುವಾಯಿತು ಎಂಬ ಮಾತನ್ನು ಬಾವರ್ ಪ್ರಶ್ನಿಸುವುದು ದಕ್ಷಿಣ ಭಾರತದ ಇಂಥ ನೆಲದ ಆಧಾರದಿಂದ. ಇದನ್ನು ಒಪ್ಪದವರ ಆಕ್ಷೇಪವೂ ನ್ಯಾಯವಾದುದೇ: ಕುರಿ ಮೇದ ಗುಡ್ಡವನ್ನೂ ಇಂದಿನ ಹವಾಮಾನ ಬದಲಾವಣೆಯನ್ನೂ ಒಂದೇ ತಕ್ಕಡಿಗೆ ಹಾಕಿದರೆ ಈಗಿನ ಹೊಣೆಗಾರಿಕೆ ತೆಳ್ಳಗಾಗುತ್ತದೆ. ಇಂದಿನ ಬದಲಾವಣೆಯ ವೇಗ ಮಸ್ಕಿ–ಸಿಂಧನೂರಿನವರಿಗೆ ಕಣ್ಣೆದುರಿನ ಸಂಗತಿ. ತುಂಗಭದ್ರಾ ಎಡದಂಡೆ ನಾಲೆ ಬಂದ ಮೇಲೆ ಜೋಳದ ಹೊಲಗಳು ಕೆಲವೇ ದಶಕಗಳಲ್ಲಿ ಭತ್ತದ ಗದ್ದೆಗಳಾದವು. ಹಿಂದಿನ ಯಾವ ಸಹಸ್ರಮಾನದಲ್ಲೂ ಭೂಮಿ ಇಷ್ಟು ಬೇಗ ಮಗ್ಗುಲು ಬದಲಿಸಿರಲಿಕ್ಕಿಲ್ಲ.

ಪ್ರಕೃತಿಯದನ್ನೂ ಮನುಷ್ಯನದನ್ನೂ ಬೇರ್ಪಡಿಸುವ ಈ ತೊಡಕು ಮಸ್ಕಿಗೆ ಮಾತ್ರ ಸೇರಿದ್ದಲ್ಲ. ಆಸ್ಟ್ರೇಲಿಯಾ ಮತ್ತು ಅಂಟಾರ್ಕ್ಟಿಕಾದ ನಡುವೆ ಮ್ಯಾಕ್ವಾರಿ ಎಂಬ ದೂರದ ದ್ವೀಪವಿದೆ. ಕಡಲ ತಳದ ಶಿಲೆ, ಭೂಕವಚಕ್ಕೂ ಕೆಳಗಿನ ಶಿಲೆ ಎರಡೂ ನೀರಿನ ಮೇಲೆ ಎದ್ದು ನಿಂತ ಅಪರೂಪದ ತಾಣವೆಂದು 1997ರಲ್ಲಿ ಅದನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದರು. 1810ರಲ್ಲಿ ಪತ್ತೆಯಾದಂದಿನಿಂದ ಅಲ್ಲಿ ಸೀಲುಗಳನ್ನು ಕೊಂದು, ಪೆಂಗ್ವಿನ್‌ಗಳನ್ನು ಕೊಪ್ಪರಿಗೆಯಲ್ಲಿ ಕುದಿಸಿ ಎಣ್ಣೆ ತೆಗೆದರು. 1933ರಲ್ಲಿ ದ್ವೀಪ ವನ್ಯಜೀವಿಧಾಮವಾಯಿತು. ಮನುಷ್ಯರು ತಂದುಬಿಟ್ಟ ಮೊಲ, ಇಲಿಗಳನ್ನು ಪೂರ್ತಿ ತೆಗೆದದ್ದು 2014ರ ಹೊತ್ತಿಗೆ. ತುಕ್ಕು ಹಿಡಿದ ಆ ಕೊಪ್ಪರಿಗೆಗಳು ಇಂದಿಗೂ ಅಲ್ಲಿವೆ. ಮ್ಯಾಕ್ವಾರಿಗೆ ಮನ್ನಣೆ ಕಲ್ಲಿಗೆ ಸಿಕ್ಕಿತು, ಮನುಷ್ಯನ ಕುರುಹು ಹಿಂದೆ ಸರಿಯಿತು. ಮಸ್ಕಿಯಲ್ಲಿ ಮನುಷ್ಯನ ಬರಹಕ್ಕೆ ಮನ್ನಣೆ ಸಿಕ್ಕಿತು, ಕಡಲ ತಳದಲ್ಲಿ ಹುಟ್ಟಿದ ಕಲ್ಲು ಹಿಂದೆ ಸರಿಯಿತು. ಪ್ರಕೃತಿ ಮತ್ತು ಸಂಸ್ಕೃತಿ ಎರಡನ್ನೂ ಕೂಡಿಸಿ ಗುರುತಿಸುವ ಮಿಶ್ರ ವರ್ಗ ವಿಶ್ವ ಪರಂಪರೆಯಲ್ಲಿ ಇದೆ. ಭಾರತಕ್ಕೆ ಅದು ಮೊದಲ ಬಾರಿ ಸಿಕ್ಕಿದ್ದು 2016ರಲ್ಲಿ, ಸಿಕ್ಕಿಂನ ಖಾಂಗ್‌ಚೆಂಡ್‌ಝೋಂಗಾ ಉದ್ಯಾನಕ್ಕೆ.

ದೇಶದ ಕಾನೂನಿನಲ್ಲಿ ಅಂಥ ಕೂಡುನೋಟಕ್ಕೆ ಜಾಗ ಕಡಿಮೆ. ಕೇಂದ್ರ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅಶೋಕನ ಬಂಡೆಗೆ ಈ ಬೇಲಿ ಸಾಕು. ಹೊಲದೊಳಗಿನ ಗೋರಿ, ದಾರಿಬದಿಯ ಬೂದಿದಿಬ್ಬ, ಅದಿರು ಕುಟ್ಟಿದ ಬಂಡೆಗಳು ಬೇಲಿಯ ಹೊರಗೇ ಉಳಿಯುತ್ತವೆ. ಲಿಂಗಸುಗೂರು ತಾಲ್ಲೂಕಿನಲ್ಲೇ ಕೃಷ್ಣಾ ನದಿಯ ನಡುಗಡ್ಡೆಯ ಮೇಲಿರುವ ಜಲದುರ್ಗದ ಪಾಡೂ ಹೀಗೇ. ಕೋಟೆ ಒಂದು ಇಲಾಖೆಗೆ, ಹೊಳೆ ಇನ್ನೊಂದಕ್ಕೆ.

ತೀರದ ಪ್ರಶ್ನೆಗಳು

ಸುವರ್ಣಗಿರಿ ಎಲ್ಲಿತ್ತು ಎಂಬುದಕ್ಕೆ ಮೌರ್ಯ ಕಾಲದ ಪದರ ಸಿಗಬೇಕು. ಆಳದ ಗಣಿಗಾರಿಕೆ ಶಾತವಾಹನರಿಗಿಂತ ಎಷ್ಟು ಹಿಂದಿನದು ಎಂಬುದಕ್ಕೆ ಹಳೆಯ ಗಣಿಗಳಿಂದ ಇನ್ನಷ್ಟು ಮರ, ಇದ್ದಿಲುಗಳ ಕಾಲನಿರ್ಣಯವಾಗಬೇಕು; ಹೊಸ ಗಣಿಗಾರಿಕೆ ಮುಂದುವರಿದಂತೆ ಆ ಸಾಕ್ಷ್ಯ ಕರಗುತ್ತ ಹೋಗುತ್ತದೆ. ಅಷ್ಟು ಆಳಕ್ಕೆ ಇಳಿದವರು ಗಣಿ ಬಿಟ್ಟುಹೋದದ್ದು ನೀರು ಉಕ್ಕಿತೆಂದೋ, ಸೌದೆ ಮುಗಿಯಿತೆಂದೋ, ಅವರಿಂದ ದುಡಿಸಿಕೊಂಡ ರಾಜ್ಯ ಬಿತ್ತೆಂದೋ ಯಾರೂ ತೀರ್ಮಾನಿಸಿಲ್ಲ. ಆ ಗಣಿಗಳಲ್ಲಿ ದುಡಿದವರು ಸ್ವಂತ ಇಚ್ಛೆಯ ಕಸುಬುದಾರರೋ, ಹಿಡಿದು ತಂದ ಆಳುಗಳೋ ಎಂಬುದೂ ಹಾಗೆಯೇ ಉಳಿದಿದೆ. ಹಟ್ಟಿಯ ಲಾವಾ ದ್ವೀಪಸಾಲಿನದೋ ಆಳದ ಶಿಲಾದ್ರವದ್ದೋ ಎಂಬ ವಾದಕ್ಕೆ ಹೊಸ ಮಾಪನಗಳು ಬಂದಂತೆಲ್ಲ ಹೊಸ ತಿರುವು ಸಿಗುತ್ತಿದೆ. ಇವುಗಳ ಜೊತೆಗೆ ಆಡಳಿತ ಉತ್ತರಿಸಬೇಕಾದದ್ದು ಒಂದಿದೆ: ಮಸ್ಕಿಯಲ್ಲಿ ಸಂರಕ್ಷಣೆಯ ಗಡಿಯನ್ನು ಒಂದು ಬಂಡೆಯ ಸುತ್ತ ಎಳೆಯಬೇಕೋ, ಗುಡ್ಡ, ಹಳ್ಳ, ಹೊಲ, ಹಳೆಯ ಗಣಿಗಳನ್ನು ಒಳಗೊಂಡಂತೆ ಎಳೆಯಬೇಕೋ, ಹಾಗೆ ಎಳೆದರೆ ಆ ನೆಲದಲ್ಲಿ ಉಳುವವರ ಹಕ್ಕನ್ನು ಹೇಗೆ ಕಾಯಬೇಕು.